ಆನೆಕೆರೆಯ ಆಚಾರ್ಯರು

ಹಾನಗಲ್ಲಿನ ಶಾಲೆಯಲ್ಲಿ ಚಿತ್ರ ಬರೆಯಲು ಕಲಿಸುತ್ತಿದ್ದ ಶ್ರೀಪಾದನಿಗೆ ಹಕ್ಕಿಯ ಹುಚ್ಚು ಹಿಡಿದು ಮೂರು ವರ್ಷವಾಗಿತ್ತು. ಸಣ್ಣ ಹುಚ್ಚೇನಲ್ಲ. ಕರಿಹಲಗೆಯ ಮೇಲೆ ಬದನೆಕಾಯಿ ಬರೆಯಬೇಕಾದ ದಿನ ಬೆಳ್ಳಕ್ಕಿ ಬರೆದು, ತಪಾಸಣೆಗೆ ಬಂದ ಸಾಹೇಬರ ಮುಂದೆ ತಲೆ ತಗ್ಗಿಸಿ ನಿಂತವನು ಅವನು. ಅಷ್ಟಾದ ಮೇಲಾದರೂ ಬುದ್ಧಿ ಬಂತೇ? ಇಲ್ಲ. ಸಂಜೆ ಮನೆಗೆ ಬಂದು ಅದೇ ಬೆಳ್ಳಕ್ಕಿಯ ಬಗ್ಗೆ ಒಂದೂವರೆ ಪುಟ ಬರೆದ. ಹಾಗೆ ಬರೆದದ್ದೆಲ್ಲ ಕೂಡಿ ಮಕ್ಕಳಿಗೊಂದು ಪುಸ್ತಕವಾಗುವಷ್ಟಾಯಿತು. ಅದನ್ನು ಧಾರವಾಡದ ಪ್ರಕಾಶಕರೊಬ್ಬರಿಗೆ ಕಳಿಸಿದ. ಅವರಿಂದ ಬಂದ ಕಾರ್ಡಿನಲ್ಲಿ ನಾಲ್ಕೇ ಸಾಲು. ಬರಹ ಚೆನ್ನಾಗಿದೆ. ಆದರೆ ಮೊದಲ ಪುಟಕ್ಕೆ ನಿಜವಾದ ಫೋಟೋ ಒಂದಾದರೂ ಬೇಕು. ಹೋಳಿ ಹುಣ್ಣಿಮೆಯೊಳಗೆ ತಂದುಕೊಟ್ಟರೆ ಜೂನಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಪುಸ್ತಕ ಬರುತ್ತದೆ. ಇಲ್ಲವಾದರೆ ಕ್ಷಮಿಸಬೇಕು.

ಇದು ೧೯೩೮ರ ಮಾತು. ಆಗ ಶ್ರೀಪಾದನಿಗೆ ಗೊತ್ತಿದ್ದವರಲ್ಲಿ ಕ್ಯಾಮೆರಾ ಇದ್ದದ್ದು ಅವನ ಬಾಲ್ಯದ ಗೆಳೆಯ ಮಧ್ವೇಶ ವಕೀಲನೊಬ್ಬನ ಹತ್ತಿರ. ಮುಂಬಯಿಯಿಂದ ತರಿಸಿದ ಮಡಚುವ ಕ್ಯಾಮೆರಾ, ಅದಕ್ಕೊಂದು ಚರ್ಮದ ಪೆಟ್ಟಿಗೆ, ಜೊತೆಗೆ ಒಂದು ಡಜನ್ ಗಾಜಿನ ಪ್ಲೇಟು. ಒಂದು ಪ್ಲೇಟಿಗೆ ಒಂದೇ ಚಿತ್ರ.

"ರವಿವಾರದಿಂದ ಬುಧವಾರದ ತನಕ ನಿಂದು," ಎಂದ ಮಧ್ವೇಶ. "ಗುರುವಾರ ಮುಂಜಾನೆ ನಾ ಸವಣೂರಿಗೆ ಹೊಂಟೇನಿ. ನನ್ನ ಹೆಂಡತಿ ತಮ್ಮನ ಮುಂಜವಿ. ಆವಾಗ ಕ್ಯಾಮೆರಾ ನನ್ನ ಕೈಯಾಗ ಇರಬೇಕು ನೋಡಪಾ."

ಯಾವ ಹಕ್ಕಿಯ ಫೋಟೋ ಎಂಬುದರಲ್ಲಿ ಶ್ರೀಪಾದನಿಗೆ ಅನುಮಾನವೇ ಇರಲಿಲ್ಲ. ದೀಪಾವಳಿ ಮುಗಿದ ಮೇಲೆ ಎಲ್ಲಿಂದಲೋ ಬಂದು ಆನೆಕೆರೆಯಲ್ಲಿ ಇಳಿದು, ಹೋಳಿಯ ಹಲಗೆ ವಾದ್ಯ ಬಡಿಯಲು ಶುರುವಾದೊಡನೆ ಎದ್ದು ಹೋಗುವ ಬೂದು ಬಣ್ಣದ ದೊಡ್ಡ ಬಾತುಗಳು. ಬಿಳಿ ತಲೆ, ನೆತ್ತಿಯ ಹಿಂದೆ ಎರಡು ಕಪ್ಪು ಅಡ್ಡಪಟ್ಟಿ. ಅವು ಹಿಮಾಲಯ ದಾಟಿ ಬರುತ್ತವೆ ಎಂದು ಅವನು ಇಂಗ್ಲಿಷ್ ಪುಸ್ತಕದಲ್ಲಿ ಓದಿದ್ದ. ಹಿಮಾಲಯ ದಾಟಿ ಹಾನಗಲ್ಲಿಗೆ! ಹುಬ್ಬಳ್ಳಿಯಿಂದ ಈ ಊರಿಗೆ ಬರುವ ಸರ್ವಿಸ್ ಮೋಟಾರು ಅರ್ಧ ದಿನವನ್ನು ದಾರಿಯಲ್ಲೇ ನಿಂತು ಕಳೆಯುತ್ತಿದ್ದ ಕಾಲ ಅದು.

ಅವನ ಅತ್ತೆ ಕೃಷ್ಣಾಬಾಯಿ ಆ ಬಾತುಗಳನ್ನು ಆಚಾರ್ಯರು ಎಂದು ಕರೆಯುತ್ತಿದ್ದಳು.

"ಅವಸರದಾಗ ಬರೋಮುಂದ ನಾಮ ಹಣಿಗೆ ಹಚ್ಕೊಳ್ಳೋದು ಮರತು ನೆತ್ತಿ ಹಿಂದ ಹಚ್ಕೊಂಡಾರ, ಅದೂ ಅಡ್ಡ," ಎನ್ನುವಳು. "ಆದ್ರ ಭಾಳ ಛಲೋ ಆಚಾರ್ರು. ನನ್ನ ನೋಡಿ ಒಬ್ಬರೂ ಹೊಳ್ಳಿ ಹೋಗೂದಿಲ್ಲ."

ಶ್ರೀಪಾದ ನಕ್ಕು ನಾಮದ ಮಾತನ್ನು ಪುಸ್ತಕಕ್ಕೆ ಬರೆದುಕೊಂಡ. ಕೊನೆಯ ಮಾತನ್ನು ಬರೆದುಕೊಳ್ಳಲಿಲ್ಲ.

ಕೃಷ್ಣಾಬಾಯಿ ಅವನ ತಂದೆಯ ತಂಗಿ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ತಾಯಿಯಿಲ್ಲದ ಶ್ರೀಪಾದನನ್ನು ಎತ್ತಿ ಬೆಳೆಸಿದವಳು. ಈಗ ಐವತ್ತು ದಾಟಿತ್ತು. ಅವಳದು ಅಂಚಿಲ್ಲದ ಕೆಂಪು ಮಡಿ ಸೀರೆ, ತಲೆ ತುಂಬ ಸೆರಗು. ದಿನಾಲೂ ಕತ್ತಲು ಹರಿಯುವ ಮೊದಲೇ ಹಿತ್ತಲ ಬಾಗಿಲಿನಿಂದ ಹೊರಟು, ಹೊಲದ ಬದುವಿನ ಮೇಲೆ ಹಾದು, ಆನೆಕೆರೆಯಲ್ಲಿ ಮಿಂದು, ಮೆಟ್ಟಿಲ ಮೇಲೆ ಕೂತು ಹೊತ್ತು ಹುಟ್ಟುವವರೆಗೆ ಜಪ ಮಾಡಿ, ಅದೇ ಬದುವಿನಿಂದ ತಿರುಗಿ ಬರುತ್ತಿದ್ದಳು. ಮನೆಯ ಹಿತ್ತಲಲ್ಲೇ ಬಾವಿ ಇತ್ತು. ಆದರೂ ಅಷ್ಟು ದೂರ ಯಾಕೆ, ಅದೂ ಕತ್ತಲಲ್ಲೇ ಯಾಕೆ ಎಂದು ಶ್ರೀಪಾದ ಒಮ್ಮೆಯೂ ಕೇಳಿರಲಿಲ್ಲ. ಗುಳುಮುಳುಕ ಹಕ್ಕಿ ತನ್ನ ಮೊಟ್ಟೆಯನ್ನು ಯಾಕೆ ಪಾಚಿಯಿಂದ ಮುಚ್ಚಿ ಹೋಗುತ್ತದೆ ಎಂದು ಕೇಳುತ್ತಿದ್ದ. ಅದಕ್ಕೆ ಅವಳಲ್ಲಿ ಉತ್ತರವಿತ್ತು.

ರವಿವಾರ ಬೆಳಗ್ಗೆ ಗೆಳೆಯರಿಬ್ಬರೂ ಕೆರೆ ಸುತ್ತಲು ಹೊರಟರು. ಏರಿಯ ಕೆಳಗಿನ ಮುತ್ತುಗದ ಗಿಡಗಳಲ್ಲಿ ಎಲೆ ಒಂದೂ ಇರಲಿಲ್ಲ, ಬರೀ ಕೆಂಪು ಹೂವು. ಮಾವಿನ ತೋಪಿನಲ್ಲಿ ಕೋಗಿಲೆ ಗಂಟಲು ಹರಿದುಕೊಳ್ಳುತ್ತಿತ್ತು. ತೂಬಿನ ಕಲ್ಲಿನ ಮೇಲೆ ಮಿಂಚುಳ್ಳಿ, ಸತ್ತ ಜಾಲಿಯ ಮೇಲೆ ರೆಕ್ಕೆ ಒಣಹಾಕಿ ಕೂತ ನೀರುಕಾಗೆ, ಕೆಸರಿನಲ್ಲಿ ಕೊಕ್ಕನ್ನು ಸೌಟಿನ ಹಾಗೆ ಆಡಿಸುವ ಚಮಚದ ಕೊಕ್ಕರೆ. ಟಿಟ್ಟಿಭವೊಂದು ಇವರನ್ನು ಕಂಡು ಊರಿಗೆಲ್ಲ ಕೇಳುವ ಹಾಗೆ ಬೈಯಿತು. ಶ್ರೀಪಾದನಿಗೆ ಎಷ್ಟು ಸುಖವಾಯಿತೆಂದರೆ ಮಧ್ವೇಶನ ಕೈ ಹಿಡಿದು ಜಗ್ಗುತ್ತ, ಅಲ್ಲಿ ನೋಡು, ಇಲ್ಲಿ ನೋಡು ಎಂದು ಮೂರು ವರ್ಷದ ಹುಡುಗನ ಹಾಗೆ ಕುಣಿದ.

ಹಕ್ಕಿ ನೋಡುವವರು ಹೇಗಿರಬೇಕೆಂದು ಇಂಗ್ಲಿಷ್ ಪುಸ್ತಕದಲ್ಲಿ ಒಂದು ಚಿತ್ರವಿತ್ತು. ಅದರಂತೆ ಶ್ರೀಪಾದ ಕೋಟು ತೊಟ್ಟು, ಸಾಹೇಬರ ಟೊಪ್ಪಿಗೆ ಇಟ್ಟುಕೊಂಡು ಬಂದಿದ್ದ. ಆ ಟೊಪ್ಪಿಗೆಯೇ ಮುಳುವಾಯಿತು. ಚಳಿಗಾಲದಲ್ಲಿ ಬಂದೂಕು ಹಿಡಿದು ಬರುವ ಶಿಕಾರಿಯವರದೂ ಅದೇ ಟೊಪ್ಪಿಗೆ. ನೂರು ಮಾರು ದೂರವಿರುವಾಗಲೇ ಆಚಾರ್ಯರು ಒಟ್ಟಿಗೆ ಕುತ್ತಿಗೆ ಎತ್ತಿ, ಒಟ್ಟಿಗೆ ಎದ್ದರು. ಶ್ರೀಪಾದ ಗಡಬಡಿಸಿ ಗುಂಡಿ ಒತ್ತುವ ಹೊತ್ತಿಗೆ ಚೌಕಟ್ಟಿನಲ್ಲಿ ಉಳಿದದ್ದು ನೀರು, ಮತ್ತು ಒಬ್ಬ ಆಚಾರ್ಯರ ಹಿಂಭಾಗ.

"ಹೋಗಲಿ ಬಿಡು, ಇನ್ನೂ ಹನ್ನೊಂದು ಅದಾವ," ಎಂದ ಮಧ್ವೇಶ.

ಹನ್ನೊಂದರಲ್ಲಿ ಒಂದು ಕ್ಯಾಮೆರಾದ ಹೊಟ್ಟೆಯಲ್ಲಿತ್ತು, ಹತ್ತು ಡಬ್ಬಿಯಲ್ಲಿದ್ದವು. ಚರ್ಮದ ಪೆಟ್ಟಿಗೆಯಲ್ಲಿದ್ದ ಕ್ಯಾಮೆರಾಕ್ಕೆ ಮನೆಯೊಳಗೆ ಪ್ರವೇಶವಿರಲಿಲ್ಲ, ಅದು ಹೊರಗಿನ ಪಡಸಾಲೆಯಲ್ಲೇ ಇರಬೇಕು. ಪ್ಲೇಟಿಗೆ ಮಾತ್ರ ಕತ್ತಲು ಬೇಕು, ತಂಪು ಬೇಕು. ಮನೆಯಲ್ಲಿ ಕಿಟಕಿಯಿಲ್ಲದ ಕೋಣೆ ಒಂದೇ, ದೇವರ ಮನೆ.

"ಅತ್ಯಾ, ಇದು ಬರೇ ಗಾಜು, ಚರ್ಮ ಅಲ್ಲ," ಎಂದು ಶ್ರೀಪಾದ ಡಬ್ಬಿಯನ್ನು ದೇವರ ಗೂಡಿನ ಪಕ್ಕದಲ್ಲಿಟ್ಟು, ಸೋಮವಾರ ಶಾಲೆಗೆ ಹೋದ.

ಸಂಜೆ ಬರುವಷ್ಟರಲ್ಲಿ ತುಳಸಿಕಟ್ಟೆಯ ಮೇಲೆ ಹತ್ತು ಗಾಜು ಸಾಲಾಗಿ ಬಿಸಿಲಿಗೆ ಒಣಗುತ್ತಿದ್ದವು. ಅವುಗಳ ಪಕ್ಕದಲ್ಲಿ ಸೆರಗು ಸಿಕ್ಕಿಸಿಕೊಂಡು, ಒಂದು ದೊಡ್ಡ ಕೆಲಸ ಮುಗಿಸಿದ ಸಮಾಧಾನದಲ್ಲಿ ಕೃಷ್ಣಾಬಾಯಿ ಕೂತಿದ್ದಳು.

"ಮುಂಬಯಿಂದ ಯಾರ್ಯಾರ ಕೈ ದಾಟಿ ಬಂದಾವೋ ಏನೋ. ಶಾಲಿಗ್ರಾಮದ ಬಾಜೂಕ ಹಂಗ ಇಡೂದು ಹ್ಯಾಂಗ ಹೇಳು? ಗಾಜ ಅಂದಿ, ತೊಳದ್ರ ಶುದ್ಧ ಆತು ಅಂತ ತೊಳದು ಇಟ್ಟೆ. ಅಬಾ, ಏನ್ ಜಿಡ್ಡ ಹಿಡದಿತ್ತೋ ಶ್ರೀಪಾದಾ! ಹಾಲಿನ ಕೆನಿಹಂಗ ಅಂಟಿತ್ತು. ಬಿಸಿನೀರು, ಅಂಟುವಾಳ ಹಾಕಿ ತಿಕ್ಕಿದ ಮ್ಯಾಲೆ ಹ್ಯಾಂಗ ಥಳಾಥಳಾ ಅನ್ನಲಿಕ್ಕತ್ತಾವ ನೋಡು."

ಶ್ರೀಪಾದ ಒಂದು ಗಾಜನ್ನು ಎತ್ತಿ ಆಕಾಶಕ್ಕೆ ಹಿಡಿದ. ಇಷ್ಟು ಸ್ವಚ್ಛವಾದ ಗಾಜನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಅದರೊಳಗಿಂದ ಪಕ್ಕದ ಮನೆಯ ಹಂಚು, ಹಂಚಿನ ಮೇಲಿನ ಕಾಗೆ, ಎಲ್ಲ ಕಾಣುತ್ತಿತ್ತು.

"ಅತ್ಯಾ," ಎಂದು ಕಟ್ಟೆಯ ಮೇಲೆ ಕುಸಿದು ಕೂತ. "ಆ ಜಿಡ್ಡಿನಾಗ ಚಿತ್ರ ಮೂಡ್ತಿತ್ತು."

ಅವನಿಗೆ ಅಳು ಬರಬೇಕಿತ್ತು. ಬಂದದ್ದು ನಗು. ಆದರೆ ಕೃಷ್ಣಾಬಾಯಿ ನಗಲಿಲ್ಲ. ಪುಸ್ತಕದ ಸಂಗತಿ ಅವಳಿಗೆ ಗೊತ್ತಿತ್ತು. ಕಾರ್ಡು ಬಂದ ದಿನ ಅವನು ಅದನ್ನು ಏಳು ಸಲ ಓದಿ ಹೇಳಿದ್ದ. ರಾತ್ರಿ ಫಲಾಹಾರಕ್ಕೂ ಅವಳು ಏಳಲಿಲ್ಲ. "ನಿನ್ನ ಪುಸ್ತಕಾನ ನಾನ ನನ್ನ ಕೈಯಾರೆ ತೊಳದುಬಿಟ್ಟೆನಲ್ಲೋ" ಎಂದು ಒಂದೇ ಮಾತು. ಕೊನೆಗೆ ತಾನೇ ಎದ್ದು ಬಂದು, ಹೊಸ್ತಿಲಲ್ಲಿ ನಿಂತು ಹೇಳಿದಳು.

"ಕ್ಯಾಮೆರಾದಾಗ ಒಂದು ಉಳದದ ಅಂದಿ. ಒಂದ ಸಾಕು. ಆಚಾರ್ರನ್ನ ನಾ ನಿಲ್ಲಸ್ತೇನಿ. ನಾಳೆ ನನ್ನ ಹಿಂದ ಬಾ."

ಮಂಗಳವಾರ ಅವಳ ಹಿಂದೆ ಹೋದ. ಟೊಪ್ಪಿಗೆ ಮನೆಯಲ್ಲೇ ಬಿಟ್ಟ, ಕೋಟನ್ನು ಏರಿಯ ಮೇಲೆ ಕಳಚಿಟ್ಟ. ಕೃಷ್ಣಾಬಾಯಿ ಮೊಣಕಾಲುಮಟ್ಟ ನೀರಿನಲ್ಲಿ ನಿಂತು ಬಿಂದಿಗೆ ತುಂಬುತ್ತಿದ್ದರೆ, ಅವಳಿಂದ ನಾಲ್ಕು ಮಾರು ದೂರದಲ್ಲಿ ಆಚಾರ್ಯರು ತಮ್ಮ ಪಾಡಿಗೆ ಹುಲ್ಲು ಮೇಯುತ್ತಿದ್ದರು. ಶ್ರೀಪಾದ ಪಂಚೆಯಲ್ಲಿ ಒಂದು ಮೆಟ್ಟಿಲು ಇಳಿದ, ಕುತ್ತಿಗೆಗಳು ಎದ್ದವು. ಎರಡನೆಯದು ಇಳಿದ, ಅಷ್ಟೂ ಆಚಾರ್ಯರು ಆಚೆ ದಂಡೆಗೆ ಹೋದರು. ಕ್ಯಾಮೆರಾದ ಗುಂಡಿಯ ಮೇಲಿದ್ದ ಬೆರಳನ್ನು ಅವನು ಮೆಲ್ಲಗೆ ತೆಗೆದ. ಇದ್ದದ್ದು ಒಂದೇ ಪ್ಲೇಟು.

ತೂಬಿನ ಹತ್ತಿರ ಕೂತು ಎಲ್ಲ ನೋಡುತ್ತಿದ್ದ ನೀರಗಂಟಿ ಉಡಚಪ್ಪನಿಗೆ ಕನಿಕರವಾಯಿತು. ಕೆರೆಯ ನೀರು ಬಿಡುವುದು, ಕಟ್ಟುವುದು ಅವನ ಕೆಲಸ.

"ಅವ್ಕ ಅಮ್ಮಾರ ಸೀರಿ ಗುರ್ತ ಐತ್ರೀ ಮಾಸ್ತರ್ರ. ಇಪ್ಪತ್ತ ವರ್ಸ ಆತು ನಾ ಇಲ್ಲೇ ಬಿದ್ದೇನಿ, ನನ್ನ ಕಂಡ್ರೂ ಹಾರ್ತಾವು. ಅಮ್ಮಾರ ಬಂದ್ರ ಕುತ್ತಿಗೀನೂ ಎತ್ತಂಗಿಲ್ಲ. ಊರಾಗ ಹುಡುಗ್ರು ಹಲಗಿ ಕಾಸಾಕತ್ತಾರ. ನಾಳಿಗೆ ಸಿಕ್ರ ಸಿಕ್ಕಾವು, ನಾಡದಿಗೆ ಇರಂಗಿಲ್ಲ ನೋಡ್ರಿ."

ಮನೆ ಮುಟ್ಟಿದ ಮೇಲೆ ಶ್ರೀಪಾದ ಕೇಳಿದ.

"ಅತ್ಯಾ, ನಿಂದೊಂದು ಸೀರಿ ಕೊಡು."

ಕೃಷ್ಣಾಬಾಯಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಮುಖ ಸಣ್ಣದಾಯಿತು.

"ಬ್ಯಾಡೋ. ಅದನ್ನ ನೀ ಉಡಬಾರದು."

"ಮಡಿ ಕೆಡತದ ಅಂತೇನು? ನೀರಾಗ ಹಿಂಡಿ ಒಣಹಾಕಿದ್ರ ಮತ್ತ ಮಡೀನ ಅಲ್ಲೇನು?"

"ಮಡಿ ಮಾತಲ್ಲೋ. ಮನೋರಮಾ ತವರಾಗ ತುಂಬಿದ ಬಸರಿ ಕೂತಾಳ. ಅಕಿ ಗಂಡ ನೀನು. ಇಂಥಾ ಸೀರಿ ನಿನ್ನ ಮೈಗೆ ಸೋಕಬಾರದು."

"ಸೀರಿ ಏನ ಮಾಡತದ ಅತ್ಯಾ? ಆಚಾರ್ರು ಮೆಚ್ಚಿದ ಸೀರಿ."

ಹತ್ತು ಪ್ಲೇಟು ತೊಳೆದಿಟ್ಟ ಮೇಲೆ ಹನ್ನೊಂದನೆಯದಕ್ಕೆ ಇಲ್ಲ ಎನ್ನುವುದು ಅವಳಿಂದಾಗಲಿಲ್ಲ.

ಬುಧವಾರ ಬೆಳಗ್ಗೆ ಪಂಚೆಯ ಮೇಲೆಯೇ ಅವನಿಗೆ ಸೀರೆ ಸುತ್ತಿದಳು. ಚಿಕ್ಕವನಿದ್ದಾಗ ಕಚ್ಚೆ ಹಾಕಿ ಕಳಿಸುತ್ತಿದ್ದ ಹಾಗೇ, ಬೆನ್ನಿಗೊಂದು ಗುದ್ದು ಕೊಟ್ಟು ನೆಟ್ಟಗೆ ನಿಲ್ಲಿಸಿ ಸುತ್ತಿದಳು. ಮೀಸೆ ಮುಚ್ಚುವ ಹಾಗೆ ಸೆರಗು ಎಳೆದಳು. ಕ್ಯಾಮೆರಾ ಸೆರಗಿನೊಳಗೆ ಸೇರಿತು. ಚರ್ಮದ ಮಾತನ್ನು ಇಬ್ಬರೂ ಎತ್ತಲಿಲ್ಲ.

"ಹಿತ್ತಲ ಬಾಗಲದಿಂದ ಹೋಗು. ಬದುವಿನ ಮ್ಯಾಲೇ ಹೋಗು, ಏರಿ ಹತ್ತಬ್ಯಾಡ. ಎದುರಿಗೆ ಯಾರರೆ ಬಂದ್ರ ನೀನ ಸರದು ಗಿಡದ ಮರಿಗೆ ನಿಲ್ಲು. ಅವರು ದಾಟಿ ಹೋಗಲಿ."

"ನನ್ನ ಗುರ್ತ ಹಿಡದಾರಂತೇನು?"

"ಹೂಂ," ಎಂದಳು. ಕೃಷ್ಣಾಬಾಯಿ ಸುಳ್ಳು ಹೇಳುವುದು ಬಹಳ ಅಪರೂಪ.

ಬದುವಿನ ಮೇಲೆ ಐವತ್ತು ಹೆಜ್ಜೆ ಹೋಗುವುದರೊಳಗೆ ಶ್ರೀಪಾದ ಎರಡು ಸಲ ಮುಗ್ಗರಿಸಿದ. ಸೀರೆಗೆ ಜಾಲಿಮುಳ್ಳು ಸಿಕ್ಕಿತು. ಇಷ್ಟು ವರ್ಷ ಕತ್ತಲಲ್ಲಿ ಈ ದಾರಿಯಲ್ಲಿ ಅವಳು ಹೇಗೆ ಹೋಗುತ್ತಿದ್ದಳೋ ದೇವರೇ ಬಲ್ಲ. ಬೆಳಕು ಹರಿಯುತ್ತಿತ್ತು, ತಡವಾಗುತ್ತಿತ್ತು. ಏನಾದರಾಗಲಿ ಎಂದು ಸೀರೆ ಎತ್ತಿ ಹಿಡಿದು ಏರಿ ಹತ್ತಿದ.

ಎದುರಿಗೆ ಬೆತ್ತ ತಿರುಗಿಸುತ್ತ, ಸಿಳ್ಳು ಹಾಕುತ್ತ ಮಧ್ವೇಶ ಬರುತ್ತಿದ್ದ. ಇಂದು ಕೊನೆಯ ದಿನ, ನಾನೂ ಬಂದು ನೋಡುತ್ತೇನೆ ಎಂದು ಹೇಳಿದ್ದ. ಸೀರೆಯ ಸಂಗತಿ ಅವನಿಗೆ ಗೊತ್ತಿರಲಿಲ್ಲ. ಇವನನ್ನು ಬೆಚ್ಚಿಬೀಳಿಸಬೇಕು ಎಂದು ಶ್ರೀಪಾದನಿಗೆ ನಗು ಒತ್ತರಿಸಿ ಬಂತು. ಸೆರಗನ್ನು ಇನ್ನಷ್ಟು ಮುಂದಕ್ಕೆಳೆದು, ತಲೆ ತಗ್ಗಿಸಿ ನಡೆದ.

ಸಿಳ್ಳು ನಿಂತಿತು. ಮಧ್ವೇಶ ಕೆಂಪು ಸೀರೆಯನ್ನು ಕಂಡು ಅಲ್ಲೇ ನಿಂತ. ಮುಖ ಗಂಟುಹಾಕಿ ಬೇರೆ ಕಡೆ ತಿರುಗಿಸಿ, "ರಾಮ ರಾಮ, ಮುಂಜಾನೆದ್ದು ಇದೇ ಕಾಣಬೇಕಿತ್ತೇನು" ಎಂದು ತನಗೆ ತಾನೇ ಅಂದುಕೊಂಡ. ತನಗೆ ತಾನೇ ಎಂದರೂ ಎದುರಿಗಿನವರಿಗೆ ಕೇಳುವಷ್ಟು ಗಟ್ಟಿಯಾಗಿತ್ತು. ಆಮೇಲೆ ಬಂದ ದಾರಿಯಲ್ಲೇ ಹೊಳ್ಳಿ, ಹನುಮಪ್ಪನ ಕಟ್ಟೆಯವರೆಗೆ ಹೋಗಿ, ಚಪ್ಪಲಿ ಕಳಚಿ ಕೂತ. ಹೋದ ತಿಂಗಳು ವಾಚನಾಲಯದಲ್ಲಿ ಸಮಾಜ ಸುಧಾರಣೆಯ ಮೇಲೆ ಮುಕ್ಕಾಲು ತಾಸು ಭಾಷಣ ಮಾಡಿದ್ದ ಮಧ್ವೇಶ ಇವನೇ.

"ಲೇ, ನಾನೋ!" ಎಂದು ಕೂಗಲು ಶ್ರೀಪಾದ ಬಾಯಿ ತೆರೆದ. ಅಷ್ಟರಲ್ಲಿ ನಡು ತಾನಾಗಿಯೇ ಬಗ್ಗಿತು, ಕಾಲು ತಾನಾಗಿಯೇ ದಾರಿ ಬಿಟ್ಟು ಪಕ್ಕದ ಗಿಡದ ಕಡೆ ಸರಿಯಿತು. ಹತ್ತು ನಿಮಿಷ ಉಟ್ಟ ಸೀರೆ ಇಷ್ಟು ಮಾಡುತ್ತದೆಯೇ? ಅವಳು ಮೂವತ್ತು ವರ್ಷದಿಂದ ಉಟ್ಟಿದ್ದಾಳೆ.

ಆಗ ಒಂದೊಂದೇ ನೆನಪಾಯಿತು. ಮ್ಯಾಟ್ರಿಕ್ ಪರೀಕ್ಷೆಗೆ ಹೊರಟ ದಿನ, ಮದುವೆಗೆ ಹೊರಟ ದಿನ, ಅತ್ತೆ ಎಲ್ಲಿ ಎಂದರೆ ಅತ್ತೆ ಇಲ್ಲ. ಪೂಜೆಯಲ್ಲಿರಬೇಕು ಎಂದುಕೊಂಡಿದ್ದ. ನೌಕರಿಯ ಸಂದರ್ಶನಕ್ಕೆ ಹೊರಟಾಗ ಮಾತ್ರ ಅವಳು ತಿಳಿಯದೆ ಬಿಂದಿಗೆ ಹಿಡಿದು ಎದುರಿಗೆ ಬಂದುಬಿಟ್ಟಿದ್ದಳು. "ಒಳಗ ಬಂದು ನೀರ ಕುಡದು ಹೋಗು," ಎಂದಿದ್ದ ಬಾಗಿಲಲ್ಲಿದ್ದ ರಾಘಣ್ಣ ಕಾಕಾ. ಶ್ರೀಪಾದ ಒಳಗೆ ಬಂದು, ನೀರು ಕುಡಿದು ಹೋಗಿದ್ದ. ಕಾಕಾನ ಸಮಾಧಾನಕ್ಕೆ ಎಂದು ನಗುತ್ತಲೇ ಕುಡಿದಿದ್ದ. ಅಂದು ಸಂಜೆ ಅವಳು ಅವನಿಗಾಗಿ ಹೂರಣದ ಹೋಳಿಗೆ ಮಾಡಿದ್ದಳು. ತುಪ್ಪ ಬಡಿಸುವಾಗಲೂ ಅದರ ಮಾತಿಲ್ಲ.

ನನ್ನ ನೋಡಿ ಒಬ್ಬರೂ ಹೊ‍ಳ್ಳಿ ಹೋಗೂದಿಲ್ಲ. ಅವಳ ಆ ಮಾತನ್ನು ತಾನು ಪುಸ್ತಕಕ್ಕೆ ಬರೆದುಕೊಂಡಿರಲಿಲ್ಲ ಎಂಬುದು ನೆನಪಾಗಿ ಶ್ರೀಪಾದನಿಗೆ ನಾಚಿಕೆಯಾಯಿತು. ಕಣ್ಣು ಒರೆಸಿಕೊಂಡು ಕೆರೆಗೆ ಇಳಿದ.

ಹೊತ್ತು ಹುಟ್ಟಿತ್ತು. ನೀರಿನ ಮೇಲೆ ಹೊಂಬಿಸಿಲು ಬಿದ್ದು, ನಲವತ್ತು ಆಚಾರ್ಯರೂ ದಂಡೆಯಲ್ಲಿದ್ದರು. ಕೆಂಪು ಸೀರೆಯನ್ನು ಕಂಡು ಒಬ್ಬರೂ ಎದ್ದು ಹೋಗಲಿಲ್ಲ. ಶ್ರೀಪಾದ ನೀರಿಗೆ ಕಾಲಿಟ್ಟ. ಎರಡು ಹೆಜ್ಜೆ ಸರಿಯಾಯಿತು. ಮೂರನೆಯದು ಗಂಡಸಿನ ದಾಪುಗಾಲಾಯಿತು. ಹಿರಿಯ ಆಚಾರ್ಯರೊಬ್ಬರು ಕುತ್ತಿಗೆ ಎತ್ತಿ, ಇವಳು ಇವತ್ತು ಹೀಗೇಕೆ ನಡೆಯುತ್ತಾಳೆ ಎನ್ನುವ ಹಾಗೆ ನೋಡಿದರು. ಇನ್ನೊಬ್ಬರು ನೋಡಿದರು. ಇನ್ನೊಂದು ಹೆಜ್ಜೆ ತಪ್ಪಿದರೆ ಎಲ್ಲ ಮುಗಿಯುತ್ತಿತ್ತು. ಅವನು ಉಸಿರು ಹಿಡಿದು ನಿಂತ.

ಹಿಂದಿನಿಂದ ಮೆಲ್ಲಗೆ ಹಾಡಿನ ಧ್ವನಿ ಕೇಳಿತು. ಅವಳು ದಿನಾಲೂ ಮೆಟ್ಟಿಲಿಳಿಯುತ್ತ ಗುನುಗುವ ಉದಯರಾಗ. ಮನೆಯಲ್ಲಿ ಕೂತಿರಲು ಆಗದೆ, ದಾರಿಯಲ್ಲಿ ಯಾರಾದರೂ ಅವನಿಗೆ ಎದುರಾದರೆ ಏನು ಗತಿ ಎಂದು ಕೃಷ್ಣಾಬಾಯಿ ಬಿಂದಿಗೆ ಹಿಡಿದು ಅವನ ಹಿಂದೆಯೇ ಬಂದಿದ್ದಳು. ಆ ಧ್ವನಿಗೆ ಕುತ್ತಿಗೆಗಳೆಲ್ಲ ಇಳಿದವು. ಅವಳು ಅವನನ್ನು ದಾಟಿ ಮುಂದೆ ಹೋಗಿ ನೀರಿನಲ್ಲಿ ನಿಂತಳು. ಆಚಾರ್ಯರು ಅವಳ ಎರಡೂ ಬದಿಗೆ ಬಂದರು. ಒಬ್ಬರಂತೂ ಅವಳ ಸೀರೆಯ ತುದಿಯ ಹತ್ತಿರವೇ ನೀರಿನಲ್ಲಿ ತಲೆ ಮುಳುಗಿಸಿ ಎದ್ದರು.

ಶ್ರೀಪಾದ ಸೆರಗಿನೊಳಗಿಂದ ಕ್ಯಾಮೆರಾ ತೆಗೆದ. ಚೌಕಟ್ಟಿನ ನಟ್ಟನಡುವೆ ಅವಳಿದ್ದಳು. ಅವಳಿಗೂ ಅದು ತಿಳಿಯಿತು.

"ತಡಿ, ನಾ ಸರೀತೇನಿ," ಎಂದಳು ಪಿಸುಮಾತಿನಲ್ಲಿ. "ನಾ ಬರಬಾರದು ಅದರಾಗ."

"ಸರೀಬ್ಯಾಡ ಅತ್ಯಾ. ಇನ್ನ ಮ್ಯಾಲೆ ಎಲ್ಲೂ ಸರೀಬ್ಯಾಡ. ನನ್ನ ಕಡೆ ನೋಡು."

ಅವಳು ಅವನ ಕಡೆ ತಿರುಗಿದಳು. ಕೆಂಪು ಸೀರೆಯಲ್ಲಿ ಕ್ಯಾಮೆರಾ ಹಿಡಿದು, ಸೆರಗು ಜಾರಿ ಮೀಸೆ ಹೊರಬಿದ್ದು, ಕಣ್ಣು ತುಂಬಿಕೊಂಡು ನಿಂತ ತನ್ನ ಶ್ರೀಪಾದನನ್ನು ಕಂಡಳು. ತಡೆಯಲಾರದೆ ನಕ್ಕಳು. ಅವನು ಗುಂಡಿ ಒತ್ತಿದ.

ಅಷ್ಟರಲ್ಲಿ ತೂಬಿನ ಕಡೆಯಿಂದ ದೊಡ್ಡ ಕೂಗು ಕೇಳಿತು.

"ಯಪ್ಪಾ! ಅಮ್ಮಾರು ಇಬ್ರಾಗ್ಯಾರ! ಒಬ್ಬಾಕಿಗೆ ಮೀಸಿ ಬಂದಾವು!" ಉಡಚಪ್ಪ ಗುದ್ದಲಿ ಎಸೆದು ಓಡಿ ಬರುತ್ತಿದ್ದ. ಆಚಾರ್ಯರೆಲ್ಲ ಒಮ್ಮೆಲೆ ಎದ್ದರು. ಕೆರೆಯ ಮೇಲೆ ಒಂದು ಸುತ್ತು ಹೊಡೆದು, ಕೂಗುತ್ತ, ಸಾಲು ಕಟ್ಟಿ ಬಡಗಣಕ್ಕೆ ಹೊರಟೇಬಿಟ್ಟರು. ಹೋದರೆ ಹೋಗಲಿ, ಕೆಲಸವಾಗಿತ್ತು.

ಕೂಗು ಕೇಳಿ ಮಧ್ವೇಶನೂ ಓಡಿ ಬಂದ. ಕೆಂಪು ಸೀರೆಯನ್ನು ಹಿಂಡುತ್ತ ಮೆಟ್ಟಿಲು ಹತ್ತಿ ಬರುವ ಗೆಳೆಯನನ್ನು ನೋಡಿದ. ಏರಿಯ ಮೇಲೆ ತಾನು ಕಂಡದ್ದು ಯಾರನ್ನು ಎಂದು ತಿಳಿದು ಅವನ ಮುಖದ ಬಣ್ಣ ಹೋಯಿತು.

"ಯಾಕೋ ವಕೀಲಾ, ನೀರ ಕುಡದು ಬಂದ್ಯೇನು?" ಎಂದ ಶ್ರೀಪಾದ.

ಮಧ್ವೇಶ ಒಮ್ಮೆ ಅವನನ್ನು, ಒಮ್ಮೆ ಕೃಷ್ಣಾಬಾಯಿಯನ್ನು ನೋಡಿದ. ಕೊನೆಗೆ ಅವಳೇ ಅವನನ್ನು ಕಾಪಾಡಿದಳು.

"ಅಂವಗ ಯಾಕ ಕಾಡತಿ? ಬಾರೋ ಮಧ್ವೇಶಾ, ಅವಲಕ್ಕಿ ಹಚ್ಚಿಟ್ಟೇನಿ, ತಿಂದು ಹೋಗಿ ಅಂತ."

ಮಧ್ಯಾಹ್ನ ಪ್ಲೇಟು ತೊಳೆದು ಚಿತ್ರವನ್ನು ಕಾಗದಕ್ಕಿಳಿಸಲು ಕತ್ತಲೆ ಕೋಣೆ ಬೇಕಾಯಿತು, ಅದಕ್ಕೊಂದು ಕೆಂಪು ದೀಪ ಬೇಕಾಯಿತು. ಕೋಣೆ ಎಂದರೆ ದೇವರ ಮನೆಯೇ. ಕೆಂಪು ದೀಪಕ್ಕೆ ಏನು ಮಾಡುವುದು ಎಂದು ಗೆಳೆಯರು ಯೋಚಿಸುತ್ತಿರುವಾಗಲೇ ಕೃಷ್ಣಾಬಾಯಿ ತನ್ನ ಹಳೆಯ ಸೀರೆಯಿಂದ ಒಂದು ತುಂಡು ಹರಿದು ತಂದು ಕಂದೀಲಿಗೆ ಎರಡು ಸುತ್ತು ಸುತ್ತಿದಳು. ಆ ದಿನ ಆ ಮನೆಯಲ್ಲಿ ಮಡಿ ಎಲ್ಲಿ ಹೋಗಿ ಅಡಗಿತ್ತೋ ಶಾಲಿಗ್ರಾಮಕ್ಕೇ ಗೊತ್ತು. ಕೆಂಪು ಬೆಳಕಿನಲ್ಲಿ ಮೂವರೂ ಮದ್ದಿನ ನೀರು ತುಂಬಿದ ಪರಾತದ ಮೇಲೆ ಬಗ್ಗಿದರು. ಮೊದಲು ಏನೂ ಇಲ್ಲ. ಆಮೇಲೆ ನೀರು ಮೂಡಿತು, ಆಚಾರ್ಯರು ಒಬ್ಬೊಬ್ಬರಾಗಿ ಮೂಡಿದರು, ಕೊನೆಗೆ ಅವರ ನಡುವೆ ಒಬ್ಬಳು ಹೆಂಗಸು ಮೂಡಿದಳು.

"ಇಕಿ ಯಾರೋ, ಹಲ್ಲ ಕಿಸದು ನಿಂತಾಳಲ್ಲ," ಎಂದಳು ಕೃಷ್ಣಾಬಾಯಿ. ಮದುವೆಯಾದ ವರ್ಷ ತೆಗೆಸಿದ್ದೊಂದನ್ನು ಬಿಟ್ಟರೆ ಅವಳ ಫೋಟೋ ಎಲ್ಲಿಯೂ ಇರಲಿಲ್ಲ. ಇದರ ಮೇಲಿಂದ ಅವಳಿಗೆ ಕಣ್ಣು ಕೀಳಲಾಗಲಿಲ್ಲ.

ಗುರುವಾರ ಬೆಳಗ್ಗೆ ಮಧ್ವೇಶ ಸವಣೂರಿಗೆ, ಶ್ರೀಪಾದ ಧಾರವಾಡಕ್ಕೆ, ಇಬ್ಬರೂ ಒಂದೇ ಮೋಟಾರಿಗೆ ಹೊರಡಬೇಕಿತ್ತು. ಚೀಲ ಹೆಗಲಿಗೇರಿಸಿ ಶ್ರೀಪಾದ ಹೊಸ್ತಿಲಿಗೆ ಬಂದು ನೋಡಿದ. ಅತ್ತೆ ಇಲ್ಲ. ಚೀಲ ಇಳಿಸಿ ಹಿತ್ತಲಿಗೆ ಹೋದ. ಬಾವಿಯ ಮರೆಯಲ್ಲಿ, ಇಲ್ಲದ ಕೆಲಸ ಹುಡುಕಿಕೊಂಡು ನಿಂತಿದ್ದಳು.

"ಮುಂದಿನ ಬಾಗಲಕ್ಕ ಬಾ."

"ನಡಿ ನಡಿ, ಮೋಟಾರ್ ತಪ್ಪತದ. ಎಂಥಾ ಕೆಲಸಕ್ಕ ಹೊಂಟೀ, ನಾ ಎದುರಿಗೆ ಬರಬಾರದು."

"ನೀ ಎದುರಿಗೆ ಬರಲಿಲ್ಲಂದ್ರ ಮೋಟಾರ್ ತಪ್ಪೇ ತಪ್ಪತದ. ನಾ ಹೋಗೂದೇ ಇಲ್ಲ."

ಕೈ ಹಿಡಿದು ಎಳೆದು ತಂದ. ಅವಳು ಬೈಯುತ್ತಲೇ ಬಂದಳು. ಬೀದಿಯಲ್ಲಿ ನಾಲ್ಕು ಮಂದಿ ನಿಂತು ನೋಡುತ್ತಿದ್ದರು. ಅವಳನ್ನು ಬಾಗಿಲ ಮುಂದೆ ಬಿಸಿಲಿನಲ್ಲಿ ನಿಲ್ಲಿಸಿ, ಎದುರಿನಿಂದ ಬಂದು, ಕಾಲಿಗೆ ನಮಸ್ಕಾರ ಮಾಡಿ, ಮುಖ ನೋಡಿ ಹೊರಟ. ಬೀದಿಯಲ್ಲಿ ಕಾಯುತ್ತಿದ್ದ ಮಧ್ವೇಶ ಒಂದು ಕ್ಷಣ ಅನುಮಾನಿಸಿದ. ಆಮೇಲೆ ಅವನೂ ಬಂದ.

"ನಾನೂ ನೋಡೇ ಹೋಗ್ತೇನ್ರಿ ಅತ್ಯಾ," ಎಂದು ಬಗ್ಗಿದ. ಕೃಷ್ಣಾಬಾಯಿಗೆ ಆಶೀರ್ವಾದದ ಮಾತೇ ನೆನಪಾಗಲಿಲ್ಲ.

"ಹುಚ್ಚರು, ಇಬ್ಬರೂ ಹುಚ್ಚರು," ಎಂದಳು. ಮೋಟಾರು ನಿಲ್ಲುವ ಕಡೆಗೆ ಅವರು ತಿರುಗುವವರೆಗೂ ಅವಳು ಅಲ್ಲಿಯೇ, ಮುಂದಿನ ಬಾಗಿಲಲ್ಲೇ ನಿಂತಿದ್ದಳು.

ಮೂರನೆಯ ದಿನ ಶ್ರೀಪಾದ ತಿರುಗಿ ಬಂದ. ಪ್ರಕಾಶಕರು ಫೋಟೋವನ್ನು ಕಿಟಕಿಯ ಹತ್ತಿರ ಒಯ್ದು ನೋಡಿ, ಬಾತಿಗಿಂತ ಈ ತಾಯಿಯ ನಗು ಚೆನ್ನಾಗಿದೆ ಎಂದು ಹೇಳಿ, ಮೊದಲ ಪುಟಕ್ಕೆ ಇದೇ ಎಂದು ಎತ್ತಿಟ್ಟುಕೊಂಡಿದ್ದರು. ಇದನ್ನೆಲ್ಲ ಹೇಳುವಾಗ ಅವನಿಗೆ ಕೂರಲು ಆಗುತ್ತಿರಲಿಲ್ಲ. ಕೃಷ್ಣಾಬಾಯಿ ಎಲ್ಲ ಕೇಳಿ, ದೇವರಿಗೆ ಕೈಮುಗಿದು ಬಂದು, ಅವನ ಮುಂದೆ ತಾಟು ಇಟ್ಟಳು. ಅವಳಿಗೆ ಇನ್ನೊಂದು ಸುದ್ದಿಯೂ ಊರವರಿಂದ ಬಂದು ಮುಟ್ಟಿತ್ತು.

"ಮೋಟಾರು ಬಂಕಾಪುರದಾಗ ಒಮ್ಮೆ, ಶಿಗ್ಗಾಂವಿ ದಾಟಿ ಒಮ್ಮೆ, ಎರಡು ಸಲ ಪಂಕ್ಚರ್ ಆತಂತಲ್ಲೋ," ಎಂದಳು ಮೆಲ್ಲಗೆ, ತಾಟಿನ ಕಡೆ ನೋಡುತ್ತ. "ನನ್ನ ಮಾರಿ ನೋಡಿ ಹೋಗಿದ್ದಿ."

ಶ್ರೀಪಾದ ತುತ್ತು ಕೈಯಲ್ಲಿ ಹಿಡಿದು ಅವಳನ್ನು ನೋಡಿದ.

"ನೋಡಿ ಹೋಗಿದ್ದಕ್ಕ ಎರಡಕ್ಕ ಮುಗೀತು ಅತ್ಯಾ," ಎಂದ. "ಇಲ್ಲಂದ್ರ ನಾಕೂ ಗಾಲಿ ಹೋಗ್ತಿದ್ದೂ."